ಫೋನಿನ ಅಕ್ಕಾರು ಮತ್ತು ನನ್ನ ಒಂಬತ್ತು ನಿಮಿಷ

ಅವರ ನೆತ್ತಿಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಬೆರಳಗಲದ ಗೆರೆಯೊಂದರಲ್ಲಿ ಕೂದಲೇ ಇರಲಿಲ್ಲ. ಹೊಲದ ನಡುವೆ ಜನ ನಡೆದು ನಡೆದು ಬಿದ್ದ ಕಾಲುದಾರಿಯಂತೆ ಕಾಣುತ್ತಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಡ್‌ಫೋನಿನ ಉಕ್ಕಿನ ಪಟ್ಟಿ ಕೂತ ಜಾಗ ಅದು. ಬೆಳ್ಳಗಾಗಿದ್ದ ಉಳಿದ ಕೂದಲಿಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಗಂಟು ಕಟ್ಟಿರುತ್ತಿದ್ದರು. ಆ ಗೆರೆಯನ್ನು ಮುಚ್ಚಿಕೊಳ್ಳಲು ಮಾತ್ರ ಯಾವತ್ತೂ ಸೆರಗು ಹೊದ್ದವರಲ್ಲ.

ಹಿರೇಕೆರೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆಗ ಫೋನಿಗೆ ಡಯಲ್ ಇರಲಿಲ್ಲ. ರಿಸೀವರ್ ಎತ್ತಿದರೆ ಅವರ ದನಿ ಬರುತ್ತಿತ್ತು: “ನಂಬರ್ ಹೇಳ್ರಿ.” ಹೇಳಿದರೆ ಅವರು ವೈರಿನ ತುದಿಯನ್ನು ಆ ನಂಬರಿನ ತೂತಿಗೆ ಚುಚ್ಚಿ ಕೂಡಿಸಿಕೊಡುತ್ತಿದ್ದರು. ನಮ್ಮ ಭಾಗದಲ್ಲಿ ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರು ಅನ್ನುತ್ತಾರೆ. ಇವರು ಯಾರಿಗೂ ಕಲಿಸಲಿಲ್ಲ, ಆದರೂ ಊರಿಗೆಲ್ಲ ಫೋನಿನ ಅಕ್ಕಾರು.

ಮಾತು ಮುಗಿಯಿತೋ ಇಲ್ಲವೋ ಎಂದು ತಿಳಿಯಲು ಆಪರೇಟರ್ ನಡುನಡುವೆ ಕಿವಿಗೊಡಲೇಬೇಕಿತ್ತು. ಹಾಗಾಗಿ ಹತ್ತಿ ವ್ಯಾಪಾರದ ಒಳಗುಟ್ಟು, ಮುರಿದ ಸಂಬಂಧ, ಆಸ್ಪತ್ರೆಯ ಸುದ್ದಿ, ಎಲ್ಲವೂ ಅವರ ಕಿವಿಯ ಮೇಲೆ ಹಾದೇ ಹೋಗುತ್ತಿದ್ದವು. ಚಿಕ್ಕವನಿದ್ದಾಗ ಅಪ್ಪನ ಜೊತೆ ದೂರದೂರಿಗೆ ಟ್ರಂಕ್ ಕಾಲ್ ಮಾಡಲು ಅಲ್ಲಿಗೆ ಹೋದಾಗ ನೋಡಿದ್ದೇನೆ. ಪಾಳಿ ಮುಗಿದೊಡನೆ ಹಿತ್ತಲ ನಳಕ್ಕೆ ಹೋಗಿ ಎರಡೂ ಕಿವಿಗಳನ್ನು ಗಸಗಸ ತೊಳೆದು, ಸೆರಗಿನಿಂದ ಒರೆಸಿಕೊಂಡ ಮೇಲೆಯೇ ಅವರು ರಸ್ತೆಗೆ ಕಾಲಿಡುತ್ತಿದ್ದರು. ಕಿವಿ ನೋವಿರಬೇಕು ಅಂದುಕೊಂಡಿದ್ದೆ.

ಅವರು ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ತಮ್ಮನ ಸಂಸಾರದ ಜೊತೆ ನಮ್ಮ ಪಕ್ಕದ ಮನೆಗೆ ಬಂದರು. ಕಣ್ಣಿಗೆ ಪೊರೆ ಬಂದ ಮೇಲೆ ದಿನಾ ಬೆಳಿಗ್ಗೆ ಅವರಿಗೆ ಪೇಪರ್ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹಂಸಭಾವಿಯಲ್ಲಿ ಮಾಸ್ತರ. ಎಂಟೂವರೆಯ ಬಸ್ಸಿಗೆ ಮುಂಚೆ ಅರ್ಧ ತಾಸು ಅವರ ಕಟ್ಟೆಯ ಮೇಲೆ ಕೂರುತ್ತಿದ್ದೆ. ರಾಜಕೀಯ ಬೇಡ, ಕ್ರಿಕೆಟ್ ಬೇಡ. “ಫೋನಿನ ಸುದ್ದಿ ಓದು, ತಮ್ಮಾ” ಅನ್ನುವರು. ಫೋನಿನ ಸುದ್ದಿ ಎಂದರೆ ಅವರ ಪ್ರಕಾರ ಇಂಟರ್‌ನೆಟ್ಟು, ಆ್ಯಪು, ಕಂಪನಿಗಳ ಜಗಳ, ಸರಕಾರದ ಹೊಸ ನಿಯಮ, ಎಲ್ಲವೂ.

ನಾನೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ವಾಪಸು ಬಂದವನು, ಅದೂ ಎರಡು ಸಲ. ಆ ಸುದ್ದಿಗಳನ್ನು ಓದುತ್ತಾ ಓದುತ್ತಾ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಅವರಿಗೆ ಸಿಟ್ಟು ಏರುತ್ತಿತ್ತು. ಇಬ್ಬರಿಗೂ ಚಹಾ ಆರಿಹೋಗುತ್ತಿತ್ತು.

ಒಮ್ಮೆ ಒಂದು ದೊಡ್ಡ ಕಂಪನಿ, ನಮ್ಮ ಫೋನು ನೀವು ಹೆಸರು ಹಿಡಿದು ಕರೆದಾಗ ಮಾತ್ರ ನಿಮ್ಮ ಮಾತು ಕೇಳುತ್ತದೆ, ಉಳಿದಂತೆ ಕೇಳುವುದಿಲ್ಲ ಎಂದು ಹೇಳಿಕೆ ಕೊಟ್ಟಿತ್ತು. ಓದಿ ನಾನು ಸಮಾಧಾನದ ಉಸಿರು ಬಿಟ್ಟೆ.

“ಕರದಾಗ ಅಷ್ಟ ಕೇಳ್ತೈತಂತ!” ಅಂದರು ಅಕ್ಕಾರು. “ಕರದದ್ದು ಗೊತ್ತಾಗಬೇಕಂದ್ರ ಮದ್ಲ ಕಿವಿಗೊಟ್ಟ ಕುಂತಿರಬೇಕಲ್ಲೋ? ನನಗ ಹೇಳಾಕ ಬಂದಾರ.”

“ಹಂಗಾರ ನೀವೂ ಕೇಳ್ತಿದ್ರಲ್ರಿ, ಅಕ್ಕಾರ” ಎಂದು ಕೆಣಕಿದೆ.

“ಕೇಳೇನಿ. ಊರ ಮಾತೆಲ್ಲಾ ಕೇಳೇನಿ. ಕೇಳೂದು ಕೆಲಸದಾಗ ಬರ್ತೈತಿ. ಇಟಗೊಳ್ಳೂದು ಬರೂದಿಲ್ಲ.”

ಅವತ್ತು ನನಗೆ ಅವರು ಕಿವಿ ತೊಳೆಯುತ್ತಿದ್ದ ಆ ನಳ ನೆನಪಾಯಿತು.

ಇನ್ನೊಮ್ಮೆ ನನ್ನ ಹೊಸ ಆ್ಯಪೊಂದರ ಷರತ್ತುಗಳನ್ನು ಪೂರಾ ಓದಿ ಹೇಳು ಎಂದು ಹಟ ಹಿಡಿದರು. ನಾಲ್ಕು ದಿನ ಬೆಳಿಗ್ಗೆ ಓದಿ ಕನ್ನಡದಲ್ಲಿ ಹೇಳಿದೆ. ಮುಗಿಯಲಿಲ್ಲ. ಐದನೇ ದಿನ ಆ ಷರತ್ತುಗಳೇ ಬದಲಾದವು ಎಂದು ಫೋನು ತಿಳಿಸಿತು. ಅಕ್ಕಾರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಒಪ್ಪಿಗಿ ಕೊಡೂದ್ರಾಗ ಮನಷ್ಯಾ ಸತ್ತು ಹೋಗ್ತಾನ ಬಿಡು.”

ಮಾಹಿತಿ ಕಾಪಾಡುವ ಕರಡು ನಿಯಮದ ಬಗ್ಗೆ ಸಾರ್ವಜನಿಕರು ಅಭಿಪ್ರಾಯ ಕಳಿಸಬಹುದು ಎಂಬ ಸುದ್ದಿ ಬಂದ ದಿನ ಅವರು ಬೆಳಿಗ್ಗೆಯೇ ತಲೆ ಬಾಚಿ ಕೂತಿದ್ದರು. ಅವರು ಹೇಳಿದ್ದನ್ನು ನನ್ನ ಫೋನಿನಲ್ಲಿ ಬರೆದುಕೊಂಡೆ. ಕಳಿಸುವ ಹೊತ್ತಿಗೆ ಪರದೆಯ ಮೇಲೆ ಒಂಬತ್ತು ಚಿತ್ರ ಮೂಡಿ, ನೀವು ಮನುಷ್ಯರೆಂದು ಖಾತ್ರಿಪಡಿಸಲು ಸಿಗ್ನಲ್ ದೀಪಗಳಿರುವ ಚಿತ್ರಗಳನ್ನು ಆರಿಸಿ ಅಂದಿತು.

“ಹಿರೇಕೆರೂರಾಗ ಸಿಗ್ನಲ್ ದೀಪ ಎಲ್ಲದಾವೋ ನೋಡಾಕ? ಫೋನಿನ ಇಲಾಖೆದಾಗ ಮುದುಕಿ ಆಗೇನಿ, ನೀ ಮನಷ್ಯಾಳು ಹೌದೋ ಅಲ್ಲೋ ಅಂತ ನನ್ನ ಕೇಳ್ತೈತಿ!” ಕೊನೆಗೆ ಕಾಗದದ ಮೇಲೆ ಬರೆಸಿ, ಸಹಿ ಮಾಡಿ, ಟಪಾಲಿಗೆ ಹಾಕಿಸಿದರು. ಬರೆಸಿದ್ದು ಎರಡೇ ಸಾಲು. ಕೆಲಸ ಮುಗಿದ ಮೇಲೆ ಮಾತು ಅಳಿಸಬೇಕು. ತಪ್ಪಾದರೆ ಮಾತು ಯಾರದೋ ಅವರಿಗೆ ಅವತ್ತೇ ತಿಳಿಸಬೇಕು.

ಇಷ್ಟೆಲ್ಲ ಓದಿ ಹೇಳುತ್ತಿದ್ದ ನಾನು ಗುಟ್ಟಾಗಿ ಮಾಡಿಕೊಂಡಿದ್ದ ಒಂದು ಏರ್ಪಾಡು ಅವರಿಗೆ ಗೊತ್ತಿರಲಿಲ್ಲ. ನಾಳೆ ಯಾರಾದರೂ ‘ನಾನು ಹಾಗೆ ಅಂದೇ ಇಲ್ಲ’ ಅಂದರೆ ಏನು ಗತಿ ಎಂಬ ಚಿಂತೆಯಲ್ಲಿ, ಬಂದ ಕರೆಗಳೆಲ್ಲ ತಾವೇ ರೆಕಾರ್ಡ್ ಆಗುವ ಆ್ಯಪೊಂದನ್ನು ಹಾಕಿಕೊಂಡಿದ್ದೆ. ನಾಲ್ಕು ದಿನ ಓದಿದ ಷರತ್ತು ಅದರದೇ. ಏನು ಮಾಡುವ ಆ್ಯಪು ಎಂದು ತಿಳಿಯುವ ಸಾಲುಗಳನ್ನು ಅಕ್ಕಾರಿಗೆ ಓದದೆ ಹಾರಿಸಿದ್ದೆ ಅಷ್ಟೆ.

ಮುಂದೆ ಬರೆದಿರುವುದನ್ನು ನನ್ನ ತಂಗಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ.

ತಂಗಿಯನ್ನು ಹತ್ತಿಮತ್ತೂರಿಗೆ ಕೊಟ್ಟಿದೆ. ಅವಳ ಮಗಳಿಗೆ ಶಿಗ್ಗಾಂವಿಯ ಕಡೆಯ ಸಂಬಂಧ ಕೂಡಿಬಂದು, ಹದಿನೈದು ದಿನದಲ್ಲಿ ನಿಶ್ಚಯ ಇತ್ತು. ಆ ಹೊತ್ತಿಗೆ ತಂಗಿ ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿ ಅತ್ತಳು. ಎದೆಯಲ್ಲಿ ಗಂಟು ಕಂಡಿದೆ, ಹುಬ್ಬಳ್ಳಿಯಲ್ಲಿ ತಪಾಸಣೆಗೆ ಕೊಟ್ಟಿದ್ದಾರೆ, ವರದಿ ಬರಲು ಎಂಟು ದಿನ. “ಯಾರಿಗೂ ಹೇಳಬ್ಯಾಡ ಅಣ್ಣಾ. ಅವ್ವಗ ಹಿಂಗಾದ್ರ ಮಗಳಿಗೂ ಆಗ್ತೈತಿ ಅಂತ ಬೀಗರು ಕೈ ಬಿಟ್ಟಾರು” ಅಂದಳು. ಆಣೆ ಹಾಕಿಸಿಕೊಂಡಳು. ನಾನು ಆಣೆ ಮಾಡುತ್ತಿದ್ದಾಗಲೂ ಆ್ಯಪು ಕೆಲಸ ಮಾಡುತ್ತಲೇ ಇತ್ತು.

ನಿಶ್ಚಯದ ಏರ್ಪಾಡಿಗೆಂದು ಎರಡೂ ಕಡೆಯವರನ್ನು ಸೇರಿಸಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿದ್ದೆ. ಮರುದಿನ ಶಾಮಿಯಾನಾದವನು ಫೋನಿನಲ್ಲಿ ಅಳತೆ, ಕುರ್ಚಿ, ಪಂಖಾ ಎಲ್ಲ ಒಪ್ಪಿಕೊಂಡ. ಹಿರಿಯರೂ ಕೇಳಲಿ, ನಾಳೆ ಅವನು ಮಾತು ತಪ್ಪಬಾರದು ಎಂದು ಆ ರೆಕಾರ್ಡನ್ನು ಗ್ರೂಪಿಗೆ ಹಾಕಿದೆ. ಫೈಲುಗಳಿಗೆ ಹೆಸರಿಲ್ಲ, ಬರೀ ಅಂಕಿ. ಹಾಕಿದ್ದು ತಂಗಿಯದು.

ಗೊತ್ತಾಗಿ ಅಳಿಸುವ ಹೊತ್ತಿಗೆ ಒಂಬತ್ತು ನಿಮಿಷವಾಗಿತ್ತು. ಅಳಿಸುವ ಮೊದಲು ಯಾರು ನೋಡಿದ್ದಾರೆಂದು ತೆಗೆದು ನೋಡಿದೆ. ಒಬ್ಬರೇ. ವರನ ಸೋದರತ್ತೆ, ಅವನನ್ನು ಸಾಕಿದ ಸೋದರಮಾವನ ಹೆಂಡತಿ. ಶಿಗ್ಗಾಂವಿಯ ಆ ಮನೆಯಲ್ಲಿ ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಮುಗಿಯಿತು.

ಅಕ್ಕಾರ ಕಟ್ಟೆಗೆ ಹೋಗಿ ಆ ಆ್ಯಪಿನಿಂದ ಹಿಡಿದು ಎಲ್ಲ ಹೇಳಿದೆ.

“ಅಳಿಸೇನ್ರಿ, ಅಕ್ಕಾರ.”

“ಫೋನಿನಾಗಿಂದ ಅಳಿಸಿದಿ. ಆಕಿ ಕಿವಿಯಾಗಿಂದ?”

ಆಗ ನನಗೊಂದು ಯೋಚನೆ ಬಂತು. ಈಗಲೂ ಅದನ್ನು ನೆನೆದರೆ ತಲೆ ಎತ್ತಲಾಗುವುದಿಲ್ಲ. ಆ ಸೋದರತ್ತೆಯ ತವರು ನಮ್ಮೂರೇ. ಹತ್ತಿ ವ್ಯಾಪಾರದ ಮನೆತನ, ಊರಲ್ಲಿ ಮೊದಮೊದಲು ಫೋನು ಬಂದ ಮನೆಗಳಲ್ಲಿ ಒಂದು.

“ಅಕ್ಕಾರ, ಆ ಮನಿ ಫೋನ್ ನೀವ ಹಚ್ಚಿ ಕೊಡ್ತಿದ್ರಿ. ಅವರದೂ ಏನರ ಇದ್ದ ಇರ್ತೈತಿ. ಅದರಾಗಿಂದ ಒಂದ ಮಾತು ನೆನಪ ಮಾಡಿಕೊಟ್ರ, ಅವರೂ ಸುಮ್ಮನ ಇರ್ತಾರ...”

ಅಕ್ಕಾರು ಎದ್ದು ನಿಂತರು. ಗೋಡೆ ಹಿಡಿದುಕೊಂಡೇ ನಿಂತಿದ್ದರು, ದನಿ ಮಾತ್ರ ನಡುಗಲಿಲ್ಲ.

“ದಿನಾ ಮುಂಜಾನೆ ಆ ಕಂಪನಿಗೋಳಿಗೆ ಹೆದರತೀಯಲ್ಲ, ಅವಕ್ಕೂ ನಿನಗೂ ಏನ ಫರಕ ಉಳೀತೋ? ಏಳು. ಮನಿಗೆ ನಡಿ.”

ಬಾಗಿಲು ಹಾಕಿಕೊಂಡರು. ಅವತ್ತೆಲ್ಲ ನಾನು ಉಣ್ಣಲಿಲ್ಲ. ಗ್ರೂಪಿನಲ್ಲಿ ಯಾರು ‘ನಮಸ್ಕಾರ’ ಎಂದು ಹಾಕಿದರೂ ಸಂಬಂಧ ಮುರಿದ ಸುದ್ದಿಯೇ ಬಂತು ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕಾರು ಕೈಚೀಲ ಹಿಡಿದು ನಮ್ಮ ಹೊಸ್ತಿಲ ಮುಂದೆ ನಿಂತಿದ್ದರು. “ಹಾವೇರಿ ಬಸ್ ಎಷ್ಟಕ್ಕೈತಿ? ಶಿಗ್ಗಾಂವಿಗೆ ಹೋಗೂಣು. ನೀ ಬಾಯಿ ಬಿಡಬ್ಯಾಡ.”

ಹಾವೇರಿಯಲ್ಲಿ ಬಸ್ಸು ಬದಲಿಸಿ ಶಿಗ್ಗಾಂವಿ ಮುಟ್ಟಿದಾಗ ಬಿಸಿಲೇರಿತ್ತು. ಸೋದರತ್ತೆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿ ಅವರ ಮುಖ ಬಿಗಿಯಾಯಿತು. ಅಕ್ಕಾರು “ಆರಾಮ ಅದೀರೇನ್ರಿ?” ಅಂದರು, ಅಷ್ಟೆ. ಸೋದರತ್ತೆಯ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ಮುಖವನ್ನು ಯಾವತ್ತೂ ನೋಡಿರದಿದ್ದರೂ ದನಿಯ ಗುರುತು ಹತ್ತಿತ್ತು.

“ಫೋನಿನ ಅಕ್ಕಾರೇನ್ರಿ? ಬರ್ರಿ, ಕುಂದರ್ರಿ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಯಾಕ ಬಂದೀರಿ ಗೊತ್ತೈತಿ. ನಾ ಕೇಳೇನಿ. ಸುಳ್ಳ ಯಾಕ ಹೇಳ್ಲಿ, ಎರಡ ಸಲ ಕೇಳೇನಿ. ಮದ್ಲ ತಿಳೀಲಿಲ್ಲ” ಅಂದರು.

ನಾನು ಬಾಯಿ ತೆರೆಯಲು ಹೋದೆ. ಅಕ್ಕಾರು ನನ್ನ ಮೊಣಕಾಲಿನ ಮೇಲೆ ಒಂದೇಟು ಹಾಕಿದರು. ಸೋದರತ್ತೆಯನ್ನು ಕೇಳಿದರು:

“ಆಗ ಒಮ್ಮೊಮ್ಮೆ ಲೈನ್ ತಪ್ಪಿ ಕೂಡ್ತಿತ್ತು. ಯಾರದೋ ಮಾತು ನಿಮ್ಮ ಮನಿ ಫೋನಿನಾಗ ಕೇಳಸ್ತಿತ್ತು. ಆಗೇನ ಮಾಡ್ತಿದ್ರಿ?”

“ಏನ ಮಾಡೂದ್ರಿ? ಫೋನ್ ಇಡ್ತಿದ್ವಿ.”

“ಇದೂ ಹಂಗ. ನಿಮಗ ಬಂದ ಮಾತಲ್ಲ ಅದು. ಆಕಿ ಹೇಳೂ ಮಾತಿದ್ರ ಆಕೀನ ಹೇಳ್ತಾಳ.”

ಸೋದರತ್ತೆ ಬಹಳ ಹೊತ್ತು ಶೇಂಗಾ ಸುಲಿದರು. ಒಮ್ಮೆ ತಲೆ ಎತ್ತಿ ಮೆಲ್ಲಗೆ, “ನಂದೂ ನೀವು ಭಾಳ ಕೇಳಿದ್ರಿ, ಅಕ್ಕಾರ” ಅಂದರು.

“ನನಗ ಒಂದೂ ನೆನಪಿಲ್ಲ ಯವ್ವಾ” ಅಂದರು ಅಕ್ಕಾರು.

ಅವರಿಗೆ ನೆನಪಿತ್ತು. ಪೇಪರಿನ ಸುದ್ದಿಯಲ್ಲಿ ಒಂದು ಶಬ್ದವನ್ನೂ ಮರೆಯದ ಹೆಂಗಸು ಅವರು. ಸೋದರತ್ತೆಗೂ ಅದು ಸುಳ್ಳೆಂದು ಗೊತ್ತಿತ್ತು ಅನ್ನಿಸುತ್ತದೆ. ಒಳಗೆ ಹೋಗಿ ಮೂರು ಬಟ್ಟಲು ಚಹಾ ತಂದರು. ಆಮೇಲೆ ಮಾತೆಲ್ಲ ಪಂಖಾ ಎಷ್ಟು ಬೇಕು, ಹೋಳಿಗೆಯೋ ಜಿಲೇಬಿಯೋ ಎನ್ನುವುದರ ಮೇಲೆಯೇ ಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಹಗುರಾಗಿ ಹರಟತೊಡಗಿದ್ದೆ. ಅಕ್ಕಾರು ತಡೆದರು.

“ತಂಗೀಗೆ ಯಾವಾಗ ಹೇಳ್ತೀ?”

“ಏನಂತರಿ?”

“ಆಕಿ ಮಾತು ತುಂಬಿ ಇಟಗೊಂಡಿದ್ದಿ, ಹೊರಗ ಬಿಟ್ಟಿ ಅಂತ.”

“ವರದಿ ಬರ್ಲಿ, ಅಕ್ಕಾರ.”

ವರದಿ ಬಂತು. ಗಂಟು ಅಪಾಯದ್ದಲ್ಲ. ನಿಶ್ಚಯ ಆಗಲಿ ಅಂದೆ. ಆಯಿತು. ಮದುವೆ ಆಗಲಿ ಅಂದೆ. ಅದೂ ಆಯಿತು. ಆ್ಯಪನ್ನು ಅಕ್ಕಾರ ಎದುರಿಗೇ ತೆಗೆದುಹಾಕಿದೆ. ತಂಗಿಗೆ ಮಾತ್ರ ಹೇಳಲಾಗಲಿಲ್ಲ. ಎಲ್ಲ ಸುಸೂತ್ರ ಆಗಿರುವಾಗ ಯಾಕೆ ಕೆದಕಬೇಕು ಎಂಬ ನನ್ನ ವಾದ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು, ನನ್ನ ನಿದ್ದೆ ತೆಳುವಾಗುತ್ತಿತ್ತು.

ಅಕ್ಕಾರು ಒತ್ತಾಯ ಮಾಡಲಿಲ್ಲ. ಪೇಪರ್ ಓದಿಸಿಕೊಂಡರು, ಅಷ್ಟೆ. ಒಂದು ದಿನ, ಗಿರಾಕಿಗಳ ಮಾಹಿತಿ ಸೋರಿಹೋದದ್ದನ್ನು ಯಾವುದೋ ಕಂಪನಿ ಐದು ತಿಂಗಳು ಮುಚ್ಚಿಟ್ಟಿತ್ತೆಂಬ ಸುದ್ದಿ ಓದಿದೆ. ನನ್ನದೇ ದನಿ ನನಗೆ ಕೇಳಿಸಿ, ಓದುತ್ತಾ ಓದುತ್ತಾ ನಿಧಾನವಾದೆ.

“ಐದು ತಿಂಗಳಂತ” ಅಂದರು ಅಕ್ಕಾರು. “ನಿಂದ ಎಷ್ಟಾತೋ?”

ಏಳಾಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದೆ.

ಆಮೇಲೆ ಹೆಚ್ಚು ದಿನ ಅವರಿರಲಿಲ್ಲ. ಒಂದು ಬೆಳಿಗ್ಗೆ ನಾನು ಪೇಪರ್ ಹಿಡಿದು ಹೋದಾಗ ಅವರ ತಮ್ಮ ಬಾಗಿಲಲ್ಲಿ ನಿಂತಿದ್ದರು. ಮಲಗಿದಲ್ಲೇ ಹೋಗಿದ್ದರು. ಅವರನ್ನು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ ಕೂರಿಸಿದ್ದರು. ಊರಿನ ಮುದುಕರು ಬಂದು ಕೈಮುಗಿದು, ಒಂದಿಷ್ಟು ಹೊತ್ತು ಸುಮ್ಮನೆ ನಿಂತು ಹೋದರು. ಅವರಲ್ಲಿ ಎಷ್ಟು ಮಂದಿಯ ಮಾತು ಅಕ್ಕಾರ ಜೊತೆ ಮಣ್ಣಿಗೆ ಹೋಯಿತೋ, ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ನಾನು ಹಂಸಭಾವಿಯ ಬಸ್ಸು ಬಿಟ್ಟು ಹತ್ತಿಮತ್ತೂರಿಗೆ ಹೋದೆ. ಹಿತ್ತಲಲ್ಲಿ ಎಮ್ಮೆಗೆ ನೀರಿಡುತ್ತಿದ್ದ ತಂಗಿಯ ಎದುರು ನಿಂತು ಎಲ್ಲವನ್ನೂ ಹೇಳಿದೆ. ಮಧ್ಯೆ ಎರಡು ಸಲ ‘ತಾಂತ್ರಿಕ ದೋಷ’ ಎಂಬ ಶಬ್ದ ನಾಲಿಗೆಯ ತುದಿಗೆ ಬಂತು. ನುಂಗಿದೆ.

ತಂಗಿ ಬಕೆಟ್ ಕೆಳಗಿಟ್ಟಳು. “ಆಣಿ ಮಾಡುಮುಂದೂ ತುಂಬಿಕೊಳ್ಳಾಕತ್ತಿತ್ತೇನ?”

“ಹೌದವಾ.”

“ಊಟ ಮಾಡಿ ಹೋಗು” ಎಂದಳು. ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಅಲ್ಲಿಂದ ಮುಂದೆ ಅವಳ ಫೋನು ನನ್ನ ಹೆಂಡತಿಗೆ ಬರತೊಡಗಿತು. ನನಗಲ್ಲ. ಹಬ್ಬಕ್ಕೆ ಬಂದರೆ ನಗುತ್ತಲೇ ಮಾತಾಡುವಳು, ಆದರೆ ಹವೆ, ಮಳೆ, ಮೆಕ್ಕೆಜೋಳದ ಬೆಳೆ, ಇಷ್ಟೇ. ಗುರುತಿಲ್ಲದ ಜನರ ಮುಂದೆ ಆಡುವಂಥ ಮಾತು. ನನಗೆ ಸಿಕ್ಕಬೇಕಾದದ್ದೇ ಸಿಕ್ಕಿತು ಅಂದುಕೊಂಡೆ. ಆದರೂ ಅವತ್ತು ಹತ್ತಿಮತ್ತೂರಿಗೆ ಹೋಗದೆ ಇದ್ದಿದ್ದರೆ ಎಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ. ಏನನ್ನೂ ಹಾಗೆ ಖಾತ್ರಿಯಾಗಿ ತಿಳಿದವನಲ್ಲ ನಾನು. ಆ ಒಂದು ಖಾತ್ರಿಯನ್ನು ಅಕ್ಕಾರು ನನಗೆ ಕೊಟ್ಟು ಹೋದರು.

ಕಳೆದ ತಿಂಗಳು ಒಂದು ಮಧ್ಯಾಹ್ನ ಸಾಲಿಯಲ್ಲಿದ್ದಾಗ ಫೋನು ಬಂತು. ತಂಗಿಯ ಹೆಸರು. ಯಾರಿಗೆ ಏನಾಯಿತೋ ಎಂದು ಹೆದರುತ್ತಲೇ ಎತ್ತಿದೆ.

“ಅಣ್ಣಾ, ಬಾಜೂಕ ಯಾರರ ಅದಾರೇನ?”

ಸ್ಟಾಫ್ ರೂಮಿನಿಂದ ಹೊರಗೆ ಬಂದು, ಮೈದಾನ ದಾಟಿ, ಕಂಪೌಂಡಿನ ಬೇವಿನ ಮರದವರೆಗೆ ನಡೆದೆ.

“ಯಾರೂ ಇಲ್ಲ. ಹೇಳು.”

ಅವಳು ಹೇಳಿದಳು.