ಮಹಡಿ ಮೇಲಿನ ಸದ್ದು

"ಫಾಲ್ಸ್ ಸೀಲಿಂಗ್ ಆಕ್ಸಿದ್ರೆ ಮೇಲ್ಗಡೆ ಸದ್ದು ಕೇಳ್ಸಾಕಿಲ್ವೇನಪ್ಪಾ?"

ಬಾಗಲಗುಂಟೆಯ ಮನೆಯೊಂದರ ಹಾಲ್‌ನಲ್ಲಿ ಅಳತೆ ಹಿಡಿಯುತ್ತಿದ್ದ ನನ್ನನ್ನು ಮನೆಯೊಡತಿ ಕೇಳಿದರು. ಮಹಡಿಯನ್ನು ಬಾಡಿಗೆಗೆ ಕೊಟ್ಟವರೆಲ್ಲ ಕೇಳುವ ಪ್ರಶ್ನೆಯೇ ಇದು.

"ಚಿಂತೆ ಮಾಡ್ಬೇಡಿ ಅಮ್ಮ, ಸದ್ದು ತಡೆಯೋ ಹಾಳೆ ಹಾಕ್ತೀವಿ. ಏನೂ ಕೇಳ್ಸಲ್ಲ" ಎಂದೆ, ಹೆಮ್ಮೆಯಿಂದ.

ಅವರ ಮುಖ ಸಪ್ಪಗಾಯಿತು. "ಅಂಗಾದ್ರೆ ಆಲ್‌ಗೆ ಬ್ಯಾಡ. ರೂಮ್‌ಗೆ ಮಾತ್ರ ಆಕು."

ಯಾಕಿರಬಹುದು ಎಂದು ಯೋಚಿಸುತ್ತಿದ್ದಾಗಲೇ ಮೇಲಿನಿಂದ ಕಾಲ್ಗೆಜ್ಜೆಯ ಸದ್ದು ಕೇಳಿಸಿತು. ಘಲ್, ಘಲ್, ಆಮೇಲೆ ದೊಪ್ಪೆಂದು ಬಿದ್ದ ಸದ್ದು. ಮನೆಯೊಡತಿ ಮಾತಾಡಬೇಡ ಎಂಬಂತೆ ನನ್ನತ್ತ ಕೈಯೆತ್ತಿ, ಉಸಿರು ಬಿಗಿಹಿಡಿದು ಚಾವಣಿಯನ್ನೇ ನೋಡುತ್ತ ನಿಂತರು. ಮತ್ತೆ ಘಲ್ ಎಂದಾಗ ಅವರ ಮುಖ ಅರಳಿತು.

"ಬಾಡಿಗೆಯವ್ರ ಮಗು ಕಣಪ್ಪಾ. ಈಗೀಗ ಎಜ್ಜೆ ಇಡ್ತೈತೆ."

ಈಗ ಯಾರೇ ಆ ಪ್ರಶ್ನೆ ಕೇಳಲಿ, ಉತ್ತರಿಸುವ ಮೊದಲು ನಾನೊಂದು ಕೇಳುತ್ತೇನೆ: "ಮೇಲೆ ಯಾರಿದ್ದಾರೆ?"