ಹಾಲು ಕಾಣದ ಕೂಸಿನ ರಕ್ತ

ಅರವತ್ತರ ದಶಕದ ಕೊನೆಯಲ್ಲಿ ನಾನು ವಿಜಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಕುಡಿದ ಹಾಲಿನ ಸತ್ವ ಅರಗದೆ, ರಕ್ತದಲ್ಲಿ ಅಮೈನೋ ಆಮ್ಲ ಏರಿ, ಮಕ್ಕಳ ಬುದ್ಧಿ ಕುಂದುವ ಕಾಯಿಲೆಯೊಂದನ್ನು ನಮ್ಮ ಡಾಕ್ಟರು ಹುಡುಕುತ್ತಿದ್ದರು. ಹುಟ್ಟಿದ ಮೂರನೇ ದಿನ ಕೂಸಿನ ಹಿಮ್ಮಡಿ ಚುಚ್ಚಿ, ದಪ್ಪ ಕಾಗದಕ್ಕೆ ರಕ್ತದ ಹನಿ ಹಿಡಿದು ತರುವುದು ನನ್ನ ಕೆಲಸ.

ಜೈನಾಪುರದ ಒಂದು ಮನೆಯಲ್ಲಿ ಮೊದಲ ಮಗು ನಾಲ್ಕು ವರ್ಷವಾದರೂ ಮಾತಾಡುತ್ತಿರಲಿಲ್ಲ. ಎರಡನೆಯದೂ ಹಾಗೇ ಆದೀತೆಂದು ಬಾಣಂತಿ ಹೆದರಿದ್ದಳು. ನಾನು ರಕ್ತ ಹಿಡಿದು ಏಳುವಾಗ ಅವಳ ಅತ್ತೆ ಕೇಳಿದರು.

“ಇದರಾಗ ಏನ್ ನೋಡ್ತೀರಿ ಬಾಯಾರ?”

“ಕುಡಿದ ಹಾಲು ಕೂಸಿಗೆ ಅರಗತೈತೋ ಇಲ್ಲೋ ಅಂತ ನೋಡ್ತೀವ್ರಿ.”

“ಕೂಸು ಇನ್ನೂ ಹಾಲ ಕುಡದಿಲ್ಲಲ್ರೀ! ಮೂರು ದಿನ ಬರೇ ಬೆಲ್ಲದ ನೀರು ಹಾಕೇವಿ. ಇಷ್ಟು ಓದಿದಾಕಿ, ಇದನ್ನ ಮೊದಲ ಕೇಳಬಾರದೇನ್ರಿ?”

ಹಾಲು ಕುಡಿಯದ ಕೂಸಿಗೆ ಕಾಯಿಲೆ ಇದ್ದರೂ ರಕ್ತ ಚೊಕ್ಕವಾಗಿ ಕಾಣುತ್ತಿತ್ತು. ಆ ತಾಯಿಗೆ ಸುಳ್ಳು ಸಮಾಧಾನ ಹೇಳಿಬಿಡುತ್ತಿದ್ದೆ. ಅಂದೇ ಮಗುವನ್ನು ಎದೆಗೆ ಹಾಕಿಸಿದೆ. ನಾಲ್ಕು ದಿನ ಬಿಟ್ಟು ಹೋಗಿ ಮತ್ತೆ ಚುಚ್ಚಿದೆ. ದೋಷವಿಲ್ಲವೆಂದು ವರದಿ ಬಂತು. ಸುದ್ದಿ ಕೇಳಿ ಬಾಣಂತಿ ಅತ್ತಳು. ನಾನು ಅವಳ ಅತ್ತೆಯ ಕಾಲು ಮುಟ್ಟಿದೆ.

ಕೂಸು ಹಾಲು ಕುಡಿಯುವ ಮೊದಲು ರಕ್ತ ಹಿಡಿಯಬಾರದೆಂದು ನಾನು ಹೇಳಿದಾಗ, ರಕ್ತದ ಕಾಗದದ ಜೊತೆ ತುಂಬುವ ಫಾರಂನಲ್ಲಿ ‘ಹಾಲು ಶುರುವಾದ ದಿನ’ ಎಂಬ ಸಾಲು ಸೇರಿಸಿ ಡಾಕ್ಟರು ನನ್ನನ್ನು ಹೊಗಳಿದರು. ಹೇಳಿಕೊಟ್ಟವರು ಜೈನಾಪುರದ ಅಜ್ಜಿ ಎಂದೆ. ಬೈಸಿಕೊಂಡದ್ದನ್ನು ಮಾತ್ರ ಹೇಳಲಿಲ್ಲ.