ನಿದ್ದೆಗೇಡಿ ಚಾಸಿಬ್

ಬಸ್ರಾದ ಹಳೇ ಪೇಟೆಯಲ್ಲಿ ಫ್ಯಾನ್ ರಿಪೇರಿಯ ಚಾಸಿಬನಷ್ಟು ಬೈಸಿಕೊಳ್ಳುವ ಮನುಷ್ಯ ಇನ್ನೊಬ್ಬನಿಲ್ಲ. ಜುಲೈ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿ ಕಚ್ಚಿಕೊಳ್ಳುವ ಹೊತ್ತಿಗೆ ಇಡೀ ಪೇಟೆ ಬಾಗಿಲೆಳೆದುಕೊಂಡು ಮಲಗುತ್ತದೆ. ಇವನೊಬ್ಬ ಅಂಗಡಿಯ ರೇಡಿಯೊ ಕಿವಿ ಹರಿಯುವಂತೆ ಹಾಕಿ, ತಾಮ್ರದ ಬಟ್ಟಲಲ್ಲಿ ನೀರು ಹಿಡಿದು ಹೊರಬೀಳುತ್ತಾನೆ. ನೆರಳಲ್ಲಿ ಒರಗಿದ ಹಮಾಲಿಯಾಗಲಿ, ತಳ್ಳುಗಾಡಿಯ ಕೆಳಗೆ ಗೊರಕೆ ಹೊಡೆಯುವ ಮೀನಿನವನಾಗಲಿ, ಮಸೀದಿ ಮೆಟ್ಟಿಲ ಮೇಲಿನ ಮುದುಕನಾಗಲಿ, ಯಾರನ್ನೂ ಬಿಡುವುದಿಲ್ಲ. ಹಣೆ ಮುಟ್ಟಿ ನೋಡುತ್ತಾನೆ, ಭುಜ ಹಿಡಿದು ಅಲ್ಲಾಡಿಸುತ್ತಾನೆ, "ಏಳೋ! ನಿನ್ನ ಹೆಂಡ್ತಿ ಹೆಸರೇನು, ಹೇಳು!" ಎಂದು ಗದರುತ್ತಾನೆ. ನಮ್ಮಲ್ಲಿ ಪರಗಂಡಸು ಕೇಳುವ ಮಾತೇ ಅದು? "ಅವಳ ಹೆಸರು ಕಟ್ಕೊಂಡು ನಿನಗೇನೋ ಆಗ್ಬೇಕು, ಹಾಳಾದವ್ನೇ!" ಎಂದು ಅವರು ಹೊಡೆಯಲು ಬಂದರೆ ಇವನ ಮುಖ ಅರಳುತ್ತದೆ. "ಸಿಟ್ಟು ಬಂತಲ್ಲ, ಹಾಗಾದ್ರೆ ಸರಿಯಾಗಿದ್ದೀಯ ಮಾರಾಯ. ತಗೋ, ಕುಡ್ದು ಮಲಕ್ಕೋ." ಸಿಟ್ಟೇ ಬಾರದೆ ತೊದಲುವವರನ್ನು ಮಾತ್ರ ಹೊತ್ತು ತಂದು, ಮೈಮೇಲೆ ನೀರು ಸುರಿದು, ಸಿಕ್ಕಿದ ಗಾಡಿ ಅಡ್ಡಗಟ್ಟಿ ಆಸ್ಪತ್ರೆಗೆ ಓಡಿಸುತ್ತಾನೆ. ಹೊಸಬರು ಅವನನ್ನು ಹುಚ್ಚ ಎನ್ನುತ್ತಾರೆ. ಅವರ ಬಾಯಿಗೆ ಮಣ್ಣು ಹಾಕಬೇಕು. ಲಫ್ತಾ ಎಂಬ ಅವನ ತಮ್ಮ ಮೂಟೆ ಹೊತ್ತು ಬಂದು, ಬಿಸಿಲು ಬಡಿದು ಪ್ರಾಣಬಿಟ್ಟದ್ದು ಇದೇ ಅಂಗಡಿಯ ನೆರಳಿನಲ್ಲಿ. ಪಾಪ, ದಣಿದು ಮಲಗಿದ್ದಾನೆ ಎಂದುಕೊಂಡ ಚಾಸಿಬ್ ಅವತ್ತು ರೇಡಿಯೊ ಆರಿಸಿದ್ದ, ಗಟ್ಟಿಯಾಗಿ ಮಾತಾಡಿದ ಗಿರಾಕಿಗಳನ್ನು ಬಾಯಿಗೆ ಬೆರಳಿಟ್ಟು ಸುಮ್ಮನಾಗಿಸಿದ್ದ, ತಮ್ಮನಿಗೆ ಎಚ್ಚರವಾದೀತೆಂದು ಸಂಜೆಯವರೆಗೂ ತುದಿಗಾಲಲ್ಲೇ ಓಡಾಡಿದ್ದ.